ಹಾಕಿದ್ಯಾ?

ದೇಶದಲ್ಲಿ ಏನಾದರೂ ಅನಾಹುತವಾದ ದಿನ ಸಂಜೆಯೊಳಗೆ ಗೆಳೆಯರ ನಡುವೆ ಒಂದು ಪ್ರಶ್ನೆ ಏಳುತ್ತದೆ: 'ಸ್ಟೇಟಸ್ ಹಾಕಿದ್ಯಾ?' ಹಾಕದವನ ಮೇಲೆ ಎಲ್ಲರಿಗೂ ಅನುಮಾನ.

'ಹಾಕು' ಯಾವ ಕೆಲಸಕ್ಕೂ ಒಲ್ಲೆ ಎನ್ನದ ಪದ. ಗೊಬ್ಬರ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ನೆಂಟರಿಗೆ ಊಟ ಹಾಕುತ್ತೇವೆ. ಚಳವಳಿಗೂ ಅದು ಹಳೆಯ ಪರಿಚಯ. ಟೆಂಟ್ ಹಾಕಿದರು, ಕಚೇರಿಗೆ ಮುತ್ತಿಗೆ ಹಾಕಿದರು. ಪೊಲೀಸರು ಕೇಸ್ ಹಾಕಿದರು, ಒಳಗೆ ಹಾಕಿದರು.

ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತಾಗ ಇದರ ಗುಣವೇ ಬೇರೆ: ತಿಂದುಹಾಕು, ಹರಿದುಹಾಕು, ಮುಗಿಸಿಹಾಕು. ಕೆಲಸ ತೀರಿತು, ಇನ್ನು ಕೈ ತೊಳೆದುಕೊಳ್ಳಬಹುದು ಎಂಬ ಧ್ವನಿ. ಪೋಸ್ಟ್ ಹಾಕಿದವನ ನೆಮ್ಮದಿಯೂ ಇಂಥದ್ದೇ ಎಂದು ನನ್ನ ಗುಮಾನಿ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮಂಡಿಯಡಿ ಸಿಕ್ಕಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಸತ್ತರು. ಅದನ್ನು ಪ್ರತಿಭಟಿಸಿ ಜೂನ್ 2ರಂದು ಇನ್‌ಸ್ಟಾಗ್ರಾಂ ತುಂಬ ಕಪ್ಪು ಚೌಕ. ಸಂಗೀತೋದ್ಯಮದಲ್ಲಿದ್ದ ಇಬ್ಬರು ಕಪ್ಪು ಮಹಿಳೆಯರು, ಜಮೀಲಾ ಥಾಮಸ್ ಮತ್ತು ಬ್ರಿಯಾನಾ ಅಗ್ಯೆಮಾಂಗ್, ಕೇಳಿದ್ದು ಅಂದು ಉದ್ಯಮದ ಮಾಮೂಲಿ ಕೆಲಸ ನಿಲ್ಲಿಸಿ ಎಂದು. ಜನಕ್ಕೆ ನಿಲ್ಲಿಸುವುದಕ್ಕಿಂತ ಹಾಕುವುದು ಸಲೀಸಾಗಿ ಕಂಡಿತು. ಹಾಕುವವರು ಹಾಕಿ, ಮೇಲೊಂದು 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಹ್ಯಾಶ್‌ಟ್ಯಾಗನ್ನೂ ಅಂಟಿಸಿದರು. ಮೆರವಣಿಗೆ ಎಲ್ಲಿ, ಜಾಮೀನಿನ ಹಣ ಎಲ್ಲಿಗೆ ಕಳಿಸಬೇಕು ಎಂದು ಅದೇ ಹ್ಯಾಶ್‌ಟ್ಯಾಗ್ ಒತ್ತಿ ಹುಡುಕಿದವರಿಗೆ ಸಿಕ್ಕಿದ್ದು ಚೌಕದ ಮೇಲೆ ಚೌಕ. ಚಳವಳಿಯವರೇ ದಮ್ಮಯ್ಯ ಎಂದ ಮೇಲೆ ಹಲವರು ಹಾಕಿದ್ದನ್ನು ತೆಗೆದುಹಾಕಿದರು.

ಹಾಗೆಂದು ಫೋನಿನಲ್ಲಿ ಹಾಕಿದ್ದೆಲ್ಲ ಬೂಟಾಟಿಕೆ ಎನ್ನಲಾರೆ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು, ಅದಕ್ಕಾಗಿ 812 ಮರ ಕಡಿಯಲು ಸರ್ಕಾರ ಹೊರಟಾಗ 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಹ್ಯಾಶ್‌ಟ್ಯಾಗ್ ಊರೆಲ್ಲ ಹರಿದಾಡಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆಗೇ ಬಂದು ಕೈಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು. ಅಂದು ಬಂದವರೇನೂ ಸೆಲ್ಫಿ ಹಾಕದೆ ಬಿಡಲಿಲ್ಲ. ಬಂದು ನಿಂತು ಹಾಕಿದರು, ಅಷ್ಟೆ.