ಮಂಜರಾಬಾದಿಗೆ ದಾರಿ ಯಾವುದು?

ಸಕಲೇಶಪುರದ ನಮ್ಮನೇಲಿ ಅಜ್ಜನ ಕಾಲದ ಕ್ರಯಪತ್ರಗಳಿದ್ವು. ಅದರಲ್ಲಿ ತಾಲ್ಲೂಕಿನ ಹೆಸರು ಮಂಜರಾಬಾದ್. ಈಗ ಆ ಹೆಸರು ಹೇಳಿದ್ರೆ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ನೆನಪಾಗುತ್ತೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಇಡೀ ತಾಲ್ಲೂಕಿಗೇ ಅದು ಹೆಸರು.

ಗೆದ್ದಲು ಹತ್ತೋ ಮುಂಚೆ ಪತ್ರಗಳನ್ನ ಸ್ಕ್ಯಾನ್ ಮಾಡಿಸಿದ್ದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡೋವಾಗ ‘ಅಜ್ಜನ ಪತ್ರ’ ಅನ್ನೋ ಫೋಲ್ಡರನ್ನ ಪೆನ್‌ಡ್ರೈವಿಗೆ ಎಳೆದು ಹಾಕಿದೆ. ಆಮೇಲೆ ತೆರೆದ್ರೆ ಒಳಗೇನೂ ಇಲ್ಲ. ನಾನು ಎಳೆದದ್ದು ಫೋಲ್ಡರನ್ನಲ್ಲ, ಡೆಸ್ಕ್‌ಟಾಪಲ್ಲಿದ್ದ ಅದರ ಶಾರ್ಟ್‌ಕಟ್ಟನ್ನ!

ಇದರ ಕಥೆ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಶುರುವಾಗುತ್ತೆ. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು ರೂಪಿಸಿದ ಯುನಿಕ್ಸ್‌ನಲ್ಲಿ ಡೈರೆಕ್ಟರಿ ಅಂದ್ರೆ ಪೆಟ್ಟಿಗೆಯಲ್ಲ, ಒಂದು ಪಟ್ಟಿ. ಹೆಸರು, ಅದರ ಮುಂದೆ ಒಂದು ನಂಬರು. ಕಡತ ಸಿಗೋದು ನಂಬರಿನಿಂದ. ನಮ್ಮ ಕಾಫಿತೋಟಕ್ಕೆ ನಾವು ಮೇಲಿನ ತೋಟ ಅಂತೀವಿ, ಪಕ್ಕದವರು ಹಲಸಿನಮರದ ತೋಟ ಅಂತಾರೆ. ಸರ್ವೆ ನಂಬರ್ ಒಂದೇ. ಹಾಗೇ ಒಂದು ಕಡತಕ್ಕೆ ಎರಡು ಹೆಸರು ಕೊಟ್ರೆ ಅದು ಹಾರ್ಡ್ ಲಿಂಕ್. ಎರಡರಲ್ಲಿ ಅಸಲು, ನಕಲು ಅನ್ನೋದಿಲ್ಲ. ಒಂದು ಹೆಸರು ಅಳಿಸಿದ್ರೂ ಕಡತ ಇರುತ್ತೆ. ಹೆಸರುಗಳ ಲೆಕ್ಕ ಸೊನ್ನೆಯಾದಾಗ್ಲೇ ಜಾಗ ಖಾಲಿ.

ಮೊದಲ ಪಿಡಿಪಿ-7 ಯಂತ್ರದಲ್ಲಿ ಓರೆಗೀಟು ಹಾಕಿ ದಾರಿ ಬರೆಯೋ ಪದ್ಧತಿಯೇ ಇರಲಿಲ್ಲ. ‘ಡಿಡಿ’ ಅನ್ನೋ ಡೈರೆಕ್ಟರಿಯಲ್ಲಿ ಎಲ್ಲರ ಡೈರೆಕ್ಟರಿಗಳೂ ನಮೂದಾಗಿದ್ವು. ಇನ್ನೊಬ್ಬರ ಕಡತ ಬೇಕಂದ್ರೆ ಅಲ್ಲಿಂದ ಒಂದೊಂದೇ ಲಿಂಕ್ ಮಾಡ್ಕೊಂಡು ಹೋಗ್ಬೇಕು. ಹಳ್ಳಿಯಲ್ಲಿ ಮನೆ ಕೇಳ್ಕೊಂಡು ಹೋದ ಹಾಗೆ ಅನ್ನಿ.

ಆಮೇಲೆ ಡೈರೆಕ್ಟರಿಗಳಿಗೆ ಬೇಕಾದ ಹಾಗೆ ಹಾರ್ಡ್ ಲಿಂಕ್ ಕೊಡೋದನ್ನ ನಿರ್ಬಂಧಿಸಿದ್ರು. ಮೊಮ್ಮಗನ ಮನೆಯೊಳಗೇ ಅಜ್ಜನ ಮನೆ ಸೇರಿಕೊಂಡ್ರೆ ಹುಡುಕೋ ಪ್ರೋಗ್ರಾಂ ಸುತ್ತುತ್ತಾನೇ ಇರುತ್ತೆ.

1983ರ 4.2 ಬಿಎಸ್‌ಡಿಯಲ್ಲಿ ಬಂದ ಸಿಂಬಾಲಿಕ್ ಲಿಂಕ್ ಬೇರೆ ಜಾತಿ. ಅದರಲ್ಲಿರೋದು ನಂಬರಲ್ಲ, ದಾರಿ ಮಾತ್ರ. ಡೈರೆಕ್ಟರಿಗೂ ಕೊಡಬಹುದು, ಬೇರೆ ಡಿಸ್ಕಿಗೂ ಕೊಡಬಹುದು. ಆದ್ರೆ ಅಲ್ಲಿದ್ದ ಫೋಲ್ಡರ್ ಜಾಗ ಬದಲಿಸಿದ್ರೆ ಇದಕ್ಕೆ ಗೊತ್ತಾಗಲ್ಲ. ವಿಂಡೋಸ್ 95ರ ಶಾರ್ಟ್‌ಕಟ್ ಇದಕ್ಕೆ ದೂರದ ನೆಂಟ. ನನ್ನ ಪೆನ್‌ಡ್ರೈವಲ್ಲಿ ಉಳಿದದ್ದು ಅದೇ: ಫಾರ್ಮ್ಯಾಟ್ ಆದ ಡಿಸ್ಕಿನ ವಿಳಾಸ.

ಹಳೇ ಪತ್ರದಲ್ಲಿ ಮಂಜರಾಬಾದ್ ಅಂತಿದ್ರೆ ನಮ್ಮೂರಿನ ಹಿರಿಯರು ‘ಅದು ಸಕಲೇಶಪುರನೇ ಕಣಪ್ಪಾ’ ಅಂತಾರೆ. ಕಂಪ್ಯೂಟರಿಗೆ ಯಾರಾದ್ರೂ ಅದನ್ನ ಬರೆದಿಡಬೇಕು. ಕ್ರಯಪತ್ರದ ನಕಲಿಗೆ ಅರ್ಜಿ ಹಾಕಿದೀನಿ. ಅಂಚಲ್ಲಿ ಅಜ್ಜ ಸೀಸದಕಡ್ಡೀಲಿ ಬರೆದಿದ್ದ ಏಲಕ್ಕಿ ಲೆಕ್ಕ ಮಾತ್ರ ಆ ನಕಲಲ್ಲಿ ಬರಲ್ಲ.