ಕೇಳಿಸಿಕೊಳ್ಳುವ ಯಂತ್ರ

ನಮ್ಮ ಅತ್ತೆಯವರ ಎದೆಗೆ ಪೇಸ್‌ಮೇಕರ್ ಇಟ್ಟು ಮನೆಗೆ ಕರೆತಂದ ಮೂರನೆಯ ದಿನ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ಅಲ್ಲವೇ, ಈಗ ಬಡಿಯುತ್ತಿರುವುದು ನನ್ನ ಎದೆಯೋ, ಆ ಡಬ್ಬಿಯೋ?" ಎಡ ಹೆಗಲಿನ ಕೆಳಗೆ ಚರ್ಮದಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಉಬ್ಬು. ಅದರ ಮೇಲೆ ಸೆರಗು ಎಳೆದುಕೊಂಡೇ ಕೇಳಿದ್ದರು. ಹಿಂದಿನ ತಿಂಗಳು ಒಮ್ಮೆ ಒಲೆಯ ಮುಂದೆ, ಒಮ್ಮೆ ತುಳಸಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ನಾಡಿ ನಿಮಿಷಕ್ಕೆ 34 ಎಂದು ಡಾಕ್ಟರು ಹೇಳಿದ ಮೇಲೆ ಹೆಚ್ಚು ಯೋಚಿಸಲು ಸಮಯವೂ ಇರಲಿಲ್ಲ.

ನಾನು ಬಿ.ಎ.ಗೆ ಓದಿದ್ದು ಇತಿಹಾಸ. ಹೃದಯವೆಂದರೆ ಮಕ್ಕಳ ವಿಜ್ಞಾನದ ಪುಸ್ತಕದ ಕೆಂಪು ನೀಲಿ ಚಿತ್ರ, ಅಷ್ಟೆ. "ನಿಮ್ಮ ಎದೆಯೇ ಅತ್ತೆ, ಇನ್ಯಾರದು" ಎಂದು ಹೇಳಿ ಎದ್ದುಬಂದೆ. ಆದರೆ ಹೇಳಿದ್ದು ನಿಜವೋ ಸುಳ್ಳೋ ನನಗೇ ತಿಳಿಯದೆ ಕಸಿವಿಸಿಯಾಯಿತು. ಆಮೇಲೆ ಹುಡುಕಿ ಓದಿದಾಗ ಅಚ್ಚರಿಯಾಯಿತು. ಆ ಯಂತ್ರವನ್ನು ಮಾಡಿದವರೂ ಅತ್ತೆಯವರ ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಕೇಳಿಕೊಂಡಿದ್ದರು, ಮತ್ತು ಉತ್ತರಕ್ಕೆ ಅವರಿಗೆ ಕೆಲವು ವರ್ಷಗಳೇ ಹಿಡಿದಿದ್ದವು.

ಹೃದಯ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ. ಅದರ ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ಗಂಟು ಇದೆ. 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಅವರ ಶಿಷ್ಯ ಮಾರ್ಟಿನ್ ಫ್ಲ್ಯಾಕ್ ಅದನ್ನು ಗುರುತಿಸಿದರು. ಅಲ್ಲಿ ಹುಟ್ಟಿದ ವಿದ್ಯುತ್ತಿನ ಅಲೆ ಮೇಲಿನ ಕೋಣೆಗಳಲ್ಲಿ ಹರಡಿ, ನಡುದಾರಿಯಲ್ಲಿ ಅರೆಗಳಿಗೆ ನಿಂತು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ದಾರಿ ಕಡಿದುಹೋದರೆ ಮೇಲಿನ ಮಾತು ಕೆಳಗೆ ಕೇಳಿಸದು. ಕೆಳಗಿನವು ತಮ್ಮ ಪಾಡಿಗೆ ನಿಧಾನವಾಗಿ ಮಿಡಿಯುತ್ತವೆ, ಕೆಲವೊಮ್ಮೆ ಮರೆತವರಂತೆ ನಿಂತೂಬಿಡುತ್ತವೆ. ಒಲೆಯ ಮುಂದೆ ಬಿದ್ದ ದಿನ ಅತ್ತೆಯವರಿಗೆ ಆದದ್ದು ಅದೇ.

ನಿಂತ ಹೃದಯವನ್ನು ವಿದ್ಯುತ್ತಿನಿಂದ ಹೊರಗಿನಿಂದಲೇ ಬಡಿಯುವಂತೆ ಮಾಡಬಹುದೆಂದು 1952ರಲ್ಲಿ ಬಾಸ್ಟನ್ನಿನ ಪಾಲ್ ಝೋಲ್ ತೋರಿಸಿದರು. ಆದರೆ ಎದೆಯ ಚರ್ಮದ ಮೂಲಕ ಕೊಡುತ್ತಿದ್ದ ಆ ಆಘಾತದ ನೋವನ್ನು ತಡೆಯುವುದು ರೋಗಿಗಳಿಗೆ ಕಷ್ಟವಾಗಿತ್ತು. ಯಂತ್ರದ ತಂತಿಯೋ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ್ದು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಕರೆಂಟು ಹೋಯಿತು. (ಕರೆಂಟು ಹೋಗುವುದೇ ಒಂದು ಚಾರಿತ್ರಿಕ ಘಟನೆಯಾಗುವ ಊರೂ ಇದೆಯಲ್ಲ ಎಂದುಕೊಂಡೆ.) ಶಸ್ತ್ರಚಿಕಿತ್ಸೆಯಾದ ಮಕ್ಕಳು ಇಂಥ ಯಂತ್ರಗಳನ್ನು ನಂಬಿಕೊಂಡಿದ್ದ ಊರು ಅದು. ಅಲ್ಲಿನ ಸರ್ಜನ್ ವಾಲ್ಟನ್ ಲಿಲ್ಲೆಹೈ, ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕೆನ್ ಅವರನ್ನು ಕರೆದು ಬ್ಯಾಟರಿಯಿಂದ ನಡೆಯುವಂಥದ್ದು ಬೇಕೆಂದರು. ಬಾಕೆನ್ ಒಂದು ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಯನ್ನು ತೆರೆದು, ಸಂಗೀತ ಕಲಿಯುವವರಿಗೆ ಟಿಕ್ ಟಿಕ್ ಎಂದು ಕಾಲ ತೋರಿಸುವ ಮೆಟ್ರೊನೋಮ್‌ನ ನಕ್ಷೆಯನ್ನು ಆರಿಸಿಕೊಂಡು, ನಾಲ್ಕೇ ವಾರಗಳಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ಪೇಸ್‌ಮೇಕರಿನ ವಂಶದಲ್ಲಿ ಒಂದು ತಾಳಯಂತ್ರ ಇದೆ ಎಂಬುದನ್ನು ನೆನಪಿಡಬೇಕು.

ಅದನ್ನು ಮೈಯೊಳಗೇ ಇಟ್ಟ ಕಥೆ ಸ್ವೀಡನ್ನಿನದು. ನನಗೆ ಇಡೀ ಚರಿತ್ರೆಯಲ್ಲಿ ಪ್ರಿಯವಾದ ಅಧ್ಯಾಯವೂ ಹೌದು, ಏಕೆಂದರೆ ಅದರಲ್ಲಿ ಒಬ್ಬ ಹೆಂಗಸಿನ ಹಟವಿದೆ. 43 ವರ್ಷದ ಆರ್ನೆ ಲಾರ್ಸನ್ ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಪ್ರಜ್ಞೆ ತಪ್ಪುತ್ತಿದ್ದರು. ಅವರ ಹೆಂಡತಿ ಎಲ್ಸೆ ಮರಿ, ಸ್ಟಾಕ್‌ಹೋಮಿನ ಬಳಿಯ ಕ್ಯಾರೊಲಿನ್ಸ್ಕಾ ಆಸ್ಪತ್ರೆಯ ಸರ್ಜನ್ ಓಕೆ ಸೆನ್ನಿಂಗ್ ಅವರ ಮುಂದೆ ನಿಂತು, ನನ್ನ ಗಂಡನಿಗೆ ಪೇಸ್‌ಮೇಕರ್ ಇಡಿ ಎಂದರು. ಪ್ರಾಣಿಗಳ ಮೇಲಿನ ಪ್ರಯೋಗವೇ ಮುಗಿದಿಲ್ಲ, ಮನುಷ್ಯರಿಗೆ ಇಡುವಂಥದ್ದು ನಮ್ಮಲ್ಲಿಲ್ಲ ಎಂದರು ಸೆನ್ನಿಂಗ್. ಹಾಗಾದರೆ ಮಾಡಿ ಎಂದರಂತೆ ಆಕೆ. ಆಸ್ಪತ್ರೆಗೂ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಪ್ರಯೋಗಾಲಯಕ್ಕೂ ಮತ್ತೆ ಮತ್ತೆ ಕಾರಿನಲ್ಲಿ ಓಡಾಡಿ ಇಬ್ಬರನ್ನೂ ಒಪ್ಪಿಸಿದರು. ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು, ಬಿಡಿಭಾಗಗಳ ಮೇಲೆ ಎಪಾಕ್ಸಿ ರಾಳ ಹೊಯ್ದರು. 1958ರ ಅಕ್ಟೋಬರ್ 8ರ ಸಂಜೆ ಶಸ್ತ್ರಕ್ರಿಯೆ ನಡೆಯಿತು. ಮೊದಲನೆಯ ಡಬ್ಬಿ ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಎರಡನೆಯದೂ ಬಹುಕಾಲ ಬಾಳಲಿಲ್ಲ. ಆದರೆ ಲಾರ್ಸನ್ ಬಾಳಿದರು. ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಬದಲಾಯಿಸಿಕೊಂಡು, ಎಲ್ಮ್‌ಕ್ವಿಸ್ಟ್ ಮತ್ತು ಸೆನ್ನಿಂಗ್ ಇಬ್ಬರೂ ತೀರಿಹೋದ ಮೇಲೂ ಇದ್ದು, 2001ರ ಡಿಸೆಂಬರಿನಲ್ಲಿ 86ನೆಯ ವಯಸ್ಸಿಗೆ ತೀರಿಕೊಂಡರು. ಕಾರಣ ಹೃದಯವಲ್ಲ, ಚರ್ಮದ ಕ್ಯಾನ್ಸರು.

ಇಷ್ಟೆಲ್ಲ ಆದರೂ ಆ ಡಬ್ಬಿ ಕಿವುಡು. ನಿಮಿಷಕ್ಕೆ ಇಷ್ಟು ಎಂದು ಗೊತ್ತು ಮಾಡಿದರೆ ಅಷ್ಟು ಬಾರಿ ಮಿಡಿತ ಕೊಡುವುದು, ಹೃದಯ ತಾನಾಗಿ ಬಡಿಯುತ್ತಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ದಾರಿ ಪೂರ್ತಿ ಕಡಿದವರಿಗೆ ಅದು ಸಾಕು. ಆದರೆ ಎಷ್ಟೋ ಜನರಲ್ಲಿ ದಾರಿ ಒಮ್ಮೆ ಮುಚ್ಚುತ್ತದೆ, ಒಮ್ಮೆ ತೆರೆಯುತ್ತದೆ. ಆಗ ಒಂದೇ ಎದೆಯಲ್ಲಿ ಎರಡು ತಾಳ. ಹಾಡುಗಾರ್ತಿಯ ಕಡೆ ನೋಡದೆ ತನ್ನ ಪಾಡಿಗೆ ಬಾರಿಸುವ ಮೃದಂಗದವನಿಂದ ಕಛೇರಿ ಕೆಟ್ಟೀತು, ಪ್ರಾಣ ಹೋಗದು. ಇಲ್ಲಿ ಪ್ರಾಣವೇ ಹೋಗಬಹುದು. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ಚೇತರಿಸಿಕೊಳ್ಳುವ ಒಂದು ಸೂಕ್ಷ್ಮ ಗಳಿಗೆ ಇರುತ್ತದೆ. ಸರಿಯಾಗಿ ಆ ಹೊತ್ತಿಗೆ ಹೊರಗಿನ ಮಿಡಿತ ಬಿದ್ದರೆ ಹೃದಯ ಬಡಿಯುವುದನ್ನು ಬಿಟ್ಟು ಬರಿದೇ ಅದುರತೊಡಗಬಹುದು. ರಕ್ಷಿಸಲು ಇಟ್ಟದ್ದೇ ಅಪಾಯ ತರಬಹುದಾಗಿತ್ತು.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯರಾದವರು ಬರೂಖ್ ಬರ್ಕೊವಿಟ್ಸ್. ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಂಜಿನಿಯರು. 1960ರ ದಶಕದ ನಡುವಿನಲ್ಲಿ ಅವರು ರೂಪಿಸಿದ್ದು 'ಡಿಮ್ಯಾಂಡ್' ಪೇಸ್‌ಮೇಕರ್, ಎಂದರೆ ಬೇಕಾದಾಗ ಮಾತ್ರ ಕೆಲಸ ಮಾಡುವಂಥದ್ದು. ಅದರ ಉಪಾಯ ಸರಳ. ಮಿಡಿತ ಕೊಡುವ ತಂತಿಯನ್ನೇ ಕಿವಿಯನ್ನಾಗಿಯೂ ಬಳಸುವುದು. ಹೃದಯ ತಾನಾಗಿ ಬಡಿದಾಗ ತಂತಿಯ ತುದಿಯ ಬಳಿ ಕೆಲವು ಮಿಲಿವೋಲ್ಟುಗಳಷ್ಟು ವಿದ್ಯುತ್ತು ಹಾದುಹೋಗುತ್ತದೆ. ಯಂತ್ರ ಅದನ್ನು ದೊಡ್ಡದು ಮಾಡಿ, ಬೇರೆ ಗದ್ದಲವನ್ನು ಸೋಸಿ, ಇದು ಹೃದಯದ ಬಡಿತವೇ ಎಂದು ಗುರುತಿಸುತ್ತದೆ. ಒಳಗೊಂದು ಗಡಿಯಾರವೂ ಉಂಟು. ನಿಮಿಷಕ್ಕೆ 60 ಎಂದು ಇಟ್ಟಿದ್ದರೆ ಅದು ಒಂದು ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಬಡಿತ ಕೇಳಿಸಿತೋ, ಗಡಿಯಾರ ಮತ್ತೆ ಸೊನ್ನೆಗೆ, ಯಂತ್ರ ಮೌನ. ಸೆಕೆಂಡು ಕಳೆದರೂ ಕೇಳಿಸದಿದ್ದರೆ ಆಗ ಮಾತ್ರ ಒಂದು ಮಿಡಿತ, ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಕೊಟ್ಟ ಕೂಡಲೇ ಕಾಲು ಸೆಕೆಂಡಿನಷ್ಟು ತನ್ನ ಕಿವಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲವಾದರೆ ತನ್ನ ದನಿಯನ್ನೇ ಕೇಳಿ ಹೃದಯ ಬಡಿಯಿತೆಂದು ಮೋಸಹೋದೀತು.

ಕಿವಿ ಎಷ್ಟು ಚುರುಕಾಗಿರಬೇಕೆಂಬುದನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ಹೊಂದಿಸಬೇಕು. ಮಂದವಾದರೆ ಬೇಡದಲ್ಲೂ ಮಿಡಿತ ಕೊಡುತ್ತದೆ. ತೀರ ಚುರುಕಾದರೆ ತೋಳಿನ ಸ್ನಾಯುವಿನ ಅಲುಗಾಟವನ್ನೂ ಬಡಿತವೆಂದು ತಿಳಿದು ಸುಮ್ಮನಿದ್ದುಬಿಡುತ್ತದೆ. ಎರಡನೆಯ ತಪ್ಪೇ ಹೆಚ್ಚು ಭಯದ್ದು. ಮೊಬೈಲನ್ನು ಎದೆಯಿಂದ ಗೇಣು ದೂರ ಇಡಿ, ಇಂಡಕ್ಷನ್ ಒಲೆಯ ಮೇಲೆ ಬಗ್ಗಬೇಡಿ, ಎರಡಡಿ ದೂರ ನಿಲ್ಲಿ ಎಂದು ಡಾಕ್ಟರು ಹೇಳುವುದು ಇದಕ್ಕೇ. ಗದ್ದಲದಲ್ಲಿ ಏನೂ ಕೇಳಿಸದೆ ಹೋದರೆ ಈಗಿನ ಯಂತ್ರ ಕೇಳುವುದನ್ನು ಬಿಟ್ಟು ಹಳೆಯ ತಾಳಯಂತ್ರದಂತೆ ಒಂದೇ ಸಮನೆ ಬಡಿಯತೊಡಗುತ್ತದೆ. ಆ ಸ್ವಲ್ಪ ಹೊತ್ತು 1958ಕ್ಕೆ ಹಿಂದಿರುಗಿದಂತೆ.

ಆಮೇಲಿನ ಚರಿತ್ರೆ ಬೇಗ ಹೇಳಿ ಮುಗಿಸಬಹುದು. 1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದು ಎರಡು ವರ್ಷದ ಆಯುಸ್ಸು ಹಲವು ವರ್ಷಗಳಾಯಿತು. 1980ರ ದಶಕದಲ್ಲಿ ಮೈಯ ಚಲನೆಯನ್ನು ಗ್ರಹಿಸುವ ಪುಟ್ಟ ಹರಳನ್ನು ಸೇರಿಸಿದರು. ಮೆಟ್ಟಿಲು ಹತ್ತಿದರೆ ಮಿಡಿತ ತಾನಾಗಿ ಏರುತ್ತದೆ, ಕೂತರೆ ಇಳಿಯುತ್ತದೆ. 2010ರ ದಶಕದಲ್ಲಿ ತಂತಿಯೇ ಇಲ್ಲದೆ ಹೃದಯದ ಒಳಗೇ ಕೂರುವ, ದೊಡ್ಡ ಮಾತ್ರೆಯಷ್ಟೇ ಗಾತ್ರದ್ದೂ ಬಂತು.

ಮೂರು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಹುಡುಗಿಯೊಬ್ಬಳು ಅತ್ತೆಯವರ ಎದೆಯ ಮೇಲೆ ಅಂಗೈಯಷ್ಟಗಲದ ಸಾಧನವನ್ನಿಟ್ಟು ಪರದೆ ನೋಡಿದಳು. ಒಳಗಿನ ಯಂತ್ರ ಕೇಳಿಸಿಕೊಂಡದ್ದನ್ನೂ ತಾನು ಕೊಟ್ಟದ್ದನ್ನೂ ಎಣಿಸಿ ಇಟ್ಟಿರುತ್ತದಂತೆ. "ನೂರಕ್ಕೆ 38 ಮಿಷನ್ನಿನದು, ಉಳಿದದ್ದು ಅಜ್ಜಿಯದೇ" ಎಂದಳು. ಅತ್ತೆಯವರ ಮುಖ ಅರಳಿತು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದರು, ಪಕ್ಕದ ಮನೆಯವರಿಗೂ ಹೇಳಿದರು. 62 ಇನ್ನೂ ನನ್ನದೇ.

ಇನ್ನೊಂದು ಪ್ರಶ್ನೆ ಕೇಳಿದ್ದು ಬಹಳ ದಿನಗಳ ಮೇಲೆ, ದೀಪ ಆರಿಸಿದ ಹೊತ್ತಿನಲ್ಲಿ. "ಇದು ನನ್ನನ್ನು ಸಾಯಲಾದರೂ ಬಿಡುತ್ತದೆಯೋ?" ಈ ಸಲ ನನಗೆ ಉತ್ತರ ಗೊತ್ತಿತ್ತು. ಬಿಡುತ್ತದೆ ಅತ್ತೆ. ಅದು ಬಾಗಿಲು ತಟ್ಟಬಲ್ಲದು, ಅಷ್ಟೆ. ತೆರೆಯಬೇಕಾದದ್ದು ಹೃದಯದ ಸ್ನಾಯು. ಜೀವ ಹೋದ ಸ್ನಾಯು ಎಷ್ಟು ತಟ್ಟಿದರೂ ಓಗೊಡುವುದಿಲ್ಲ. ಅವರು "ಹಾಗೋ" ಎಂದು ಮಗ್ಗುಲಾದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಐದು ವರ್ಷಗಳ ನಂತರ, ಒಂದು ಮಾಘದ ಬೆಳಗ್ಗೆ, ನ್ಯುಮೋನಿಯಾದಿಂದ ಹೋದರು. ಬೆಂಕಿಯ ಶಾಖಕ್ಕೆ ಬ್ಯಾಟರಿ ಸಿಡಿಯುತ್ತದೆಂದು ಡಾಕ್ಟರು ಮನೆಗೇ ಬಂದು, ಸ್ಮಶಾನಕ್ಕೆ ಒಯ್ಯುವ ಮುಂಚೆ ಡಬ್ಬಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಬ್ಯಾಟರಿ ಇನ್ನೂ ಇದೆ, ಅದು ತನ್ನ ಪಾಡಿಗೆ ಮಿಡಿಯುತ್ತಿರುತ್ತದೆ ಎಂದರು. ಕಿವಿಗೆ ಹಿಡಿದರೆ ಏನೂ ಕೇಳಿಸಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಅದನ್ನು ಆಸ್ಪತ್ರೆಗೆ ಹಿಂದಿರುಗಿಸಿ ಬಂದೆವು.