ಶಿವಪುರದ ಹೊಲ, ನಾಡಿನ ಬಯಲು

1938ರ ಏಪ್ರಿಲ್‌ನಲ್ಲಿ ಶಿವಪುರ ಮೈಸೂರು ಜಿಲ್ಲೆಯ ಒಂದು ಹಳ್ಳಿ. ಮಂಡ್ಯ ಜಿಲ್ಲೆ ಹುಟ್ಟಲು ಇನ್ನೂ ಒಂದು ವರ್ಷ ಬೇಕಿತ್ತು. ಇಂದು ಶಿವಪುರ ಮದ್ದೂರು ಪಟ್ಟಣದೊಳಗೇ ಸೇರಿಹೋಗಿದೆ. ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವ ಎಷ್ಟೋ ಜನ, ಆ ಏಪ್ರಿಲ್‌ನಲ್ಲಿ ಇಲ್ಲಿ ನಡೆದ ಧ್ವಜ ಸತ್ಯಾಗ್ರಹದ ನೆನಪಿನ ಸೌಧವನ್ನು ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಇಳಿದು ಆವರಣದೊಳಗೆ ಕಾಲಿಟ್ಟವರಿಗೆ ಮೊದಲು ಹೇಳಬೇಕಾದದ್ದು ಕಟ್ಟಡದ ಕಥೆಯಲ್ಲ, ಅದರ ಕೆಳಗಿನ ಮಣ್ಣಿನ ಕಥೆ.

ಆ ಮಣ್ಣು ತಿರುಮಲೇಗೌಡರ ಜಮೀನು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಲು ಅವರು ತಮ್ಮ ಹೊಲವನ್ನೇ ಬಿಟ್ಟುಕೊಟ್ಟರು. ತ್ರಿವರ್ಣ ಧ್ವಜ ಹಾರಿಸುವುದಕ್ಕೆ ನಿಷೇಧವಿದ್ದ ಕಾಲ. ಹಾರಿಸಿದವರಿಗೆ ಜೈಲು ಕಾದಿತ್ತು. ಅಂಥ ಹೊತ್ತಿನಲ್ಲಿ ನೆಲ ಕೊಡುವುದೆಂದರೆ ಸರ್ಕಾರದ ಕಣ್ಣಿಗೆ ಬೀಳುವುದೆಂದೇ ಅರ್ಥ. ಭಾಷಣ ಮಾಡಿದವರ ಹೆಸರು ನಮಗೆ ನೆನಪಿರುತ್ತದೆ, ನೆಲ ಕೊಟ್ಟವರದು ಮಸುಕಾಗುತ್ತದೆ. ಈ ಬರಹದಲ್ಲಾದರೂ ಅವರ ಹೆಸರು ಮೊದಲ ಸಾಲಿನಲ್ಲಿರಲಿ.

ಅದೇ ವರ್ಷದ ಫೆಬ್ರವರಿಯಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನ ಸಂಸ್ಥಾನಗಳ ಪ್ರಜೆಗಳಿಗೆ, ನಿಮ್ಮ ಹೋರಾಟದ ಹೊಣೆ ನಿಮ್ಮದೇ ಎಂದು ತಿಳಿಸಿತ್ತು. ಮೈಸೂರಿಗರು ಸ್ವಂತ ಕಾಲ ಮೇಲೆ ನಿಲ್ಲಲೇಬೇಕಾಯಿತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಏಪ್ರಿಲ್ 9ರಿಂದ 11ರವರೆಗೆ ಶಿವಪುರದಲ್ಲಿ ಜನ ನೆರೆದರು. ಎಚ್.ಕೆ. ವೀರಣ್ಣಗೌಡರು ಈ ಸೀಮೆಯ ಮುಂದಾಳು. ನಿಷೇಧ ಮುರಿದು, ನಡುವೆ ಚರಕವಿದ್ದ ಧ್ವಜ ಮೇಲೇರಿತು. ಸಿದ್ದಲಿಂಗಯ್ಯನವರು, ಎಂ.ಎನ್. ಜೋಯಿಸರು ಮೊದಲಾದವರು ಬಂಧನಕ್ಕೊಳಗಾದರು.

ಇಲ್ಲಿ ತುಸು ನಿಂತು ಯೋಚಿಸಬೇಕು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುತ್ತಿದ್ದ ನಾಡು ಇದು. ಆಗಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ ಪಟವನ್ನು ದೇವರ ಪಟಗಳ ಸಾಲಿನಲ್ಲೇ ತೂಗುಹಾಕುವ ಮನೆಗಳು ಈಗಲೂ ಇಲ್ಲಿವೆ. ಅಂಥ ಸೀಮೆಯಲ್ಲೇ ಜವಾಬ್ದಾರಿ ಸರ್ಕಾರದ ಬೇಡಿಕೆಯೂ ಮೊಳಗಿತು. ದೊರೆಯ ಮೇಲಿನ ಗೌರವ ಕಳೆದುಕೊಳ್ಳದೆ, ಆಳ್ವಿಕೆ ಮಾತ್ರ ಜನರ ಕೈಗೆ ಬರಲಿ ಎಂದು ಕೇಳಬಹುದೆಂಬ ತಿಳಿವು ರೈತರಿಗಿತ್ತು. ಶಿವಪುರದ ದೊಡ್ಡತನ ನನಗೆ ಕಾಣುವುದು ಅಲ್ಲಿ.

ಎರಡೇ ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿಯೇ ಸೇರಿದ್ದ ಜನರ ಮೇಲೆ ಗೋಲಿಬಾರಾಯಿತು, ರಕ್ತ ಹರಿಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದವಾಗಿ, ಸಂಸ್ಥಾನದ ಗಂಡಭೇರುಂಡ ಧ್ವಜದ ಜೊತೆಗೆ ತ್ರಿವರ್ಣವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ 1947ರ ಮೈಸೂರು ಚಲೋ ಚಳವಳಿಯವರೆಗೆ ಕಾಯಬೇಕಾಯಿತು. ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು.

ಈ ನೆನಪು ಉಳಿಯಬೇಕಾದರೆ ಸೌಧದ ಆವರಣ ಊರವರ ದಿನನಿತ್ಯದ ಜಾಗವಾಗಬೇಕು. ಸಂಜೆ ವಾಯುವಿಹಾರಕ್ಕೆ ಬರುವ ಹಿರಿಯರು, ಓದಲು ಕೂರುವ ಕಾಲೇಜು ಹುಡುಗಿಯರು, ಆಡುವ ಮಕ್ಕಳು ಇಲ್ಲಿರಬೇಕು. ಪ್ರತಿ ಏಪ್ರಿಲ್ 11ರಂದು ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳ ಮಕ್ಕಳನ್ನು ಕರೆತಂದು, ಅವರ ಕೈಯಿಂದಲೇ ಧ್ವಜ ಏರಿಸುವ ಪದ್ಧತಿ ಬರಲಿ. ಧ್ವಜಕಂಬದ ಬುಡದಲ್ಲಿ ತಿರುಮಲೇಗೌಡರ ಹೆಸರನ್ನು, ಆ ಮಕ್ಕಳಿಗೆ ಎಟುಕುವ ಎತ್ತರದಲ್ಲಿ, ದಪ್ಪ ಅಕ್ಷರಗಳಲ್ಲಿ ಕೆತ್ತಿಸೋಣ.